ಕ್ಯಾಪ್ಟನ್ನನ ಪೆಟ್ಟಿಗೆ

ಸ್ಟಾಕ್‌ಹೋಮ್
14 ಫೆಬ್ರವರಿ 2016

ಅಪ್ಪಯ್ಯನಿಗೆ,

ಮೊನ್ನೆ ಫೋನಿನಲ್ಲಿ ಮತ್ತೆ ಜಗಳವಾಯಿತಲ್ಲ, ಅದಕ್ಕೇ ಹಳೆಯ ಕ್ರಮಕ್ಕೆ ಬಂದಿದ್ದೇನೆ. ನೀವೊಬ್ಬರೇ ಈ ದೇಶದಲ್ಲಿದ್ದಾಗ ಅಮ್ಮ ನನ್ನನ್ನು ತಿಂಗಳಿಗೊಮ್ಮೆ ಕೂರಿಸಿ ನಿಮಗೆ ಕಾಗದ ಬರೆಸುತ್ತಿದ್ದಳು. ಅಕ್ಷರ ತಪ್ಪಿದರೆ ಅಂಗನವಾಡಿಯಲ್ಲಿ ಕುಮುದಾ ಚಿಕ್ಕಿ ತಿದ್ದುತ್ತಿದ್ದರು. ಕಾಗದದ ಒಂದು ಸುಖ ಎಂದರೆ ನೀವು ನಡುವೆ ಬಾಯಿ ಹಾಕಲಾರಿರಿ.

ನಾನು ಕೆಲಸ ಮಾಡುವ ನೌಕಾ ಸಂಗ್ರಹಾಲಯ ಅಕ್ಟೋಬರಿನಲ್ಲಿ ಒಂದು ಪ್ರದರ್ಶನ ಇಡುತ್ತಿದೆ. ಸ್ವೀಡನ್ನಿಗೂ ಒಂದು ವಸಾಹತು ಇತ್ತು ಎಂದು ಇಲ್ಲಿನ ಅರ್ಧ ಜನರಿಗೆ ಗೊತ್ತೇ ಇಲ್ಲ. ಕೆರಿಬಿಯನ್ ಸಮುದ್ರದ ಸೇಂಟ್ ಬಾರ್ತೆಲೆಮಿ ದ್ವೀಪ, ಅದರ ಬಂದರು ಗುಸ್ತಾವಿಯಾ. ದಕ್ಷಿಣ ಅಮೆರಿಕದವರು ಸ್ಪೇನಿನ ರಾಜನ ವಿರುದ್ಧ ಸ್ವಾತಂತ್ರ್ಯಕ್ಕೆ ಹೋರಾಡುತ್ತಿದ್ದ ಕಾಲದಲ್ಲಿ ಅಲ್ಲಿಂದ ಹಡಗುಗಳು ಹೊರಡುತ್ತಿದ್ದವು. ಬಂದರಿನಲ್ಲಿ ಸ್ವೀಡನ್ನಿನ ಬಾವುಟ, ದಡ ಮರೆಯಾದ ಮೇಲೆ ಹೋರಾಟಗಾರರ ಬಾವುಟ. ಅಂಥದ್ದೊಂದು ಹಡಗು 1819ರ ‘ಸ್ವಾಲನ್’. ಅದರ ಕ್ಯಾಪ್ಟನ್ ಎಕ್‌ಸ್ಟ್ರಾಂಡ್. ನಮ್ಮ ಮುಖ್ಯಸ್ಥೆ ಗುನಿಲ್ಲಾಗೆ ಈ ಎಕ್‌ಸ್ಟ್ರಾಂಡ್‌ನ ದೊಡ್ಡ ತೈಲಚಿತ್ರ ಸಿಕ್ಕಿದೆ. ‘ಸ್ವಾತಂತ್ರ್ಯದ ಸ್ವೀಡಿಷ್ ಗೆಳೆಯ’ ಎಂದು ಅದರ ಕೆಳಗೆ ಬರೆಸಲು ಹೊರಟಿದ್ದಾಳೆ.

ನನಗೆ ಸಿಕ್ಕಿದ್ದು ಹಡಗಿನ ಆಳುಗಳ ಪಟ್ಟಿ. ನಲವತ್ತೊಂದು ಜನ. ಅದರಲ್ಲಿ ಇಪ್ಪತ್ತಮೂರು ಹೆಸರುಗಳ ಮುಂದೆ ‘ಕಪ್ಪು, ಸ್ವತಂತ್ರ’ ಎಂದಿದೆ. ಅವರು ಗುಲಾಮರಲ್ಲ. ಯಾರದೋ ಬಲವಂತಕ್ಕೆ ಹತ್ತಿದವರೂ ಅಲ್ಲ. ಪರದೇಶದ ಸ್ವಾತಂತ್ರ್ಯಕ್ಕೆ ಫಿರಂಗಿ ಹೊತ್ತವರು. ಸ್ಪೇನಿನ ವಶದಲ್ಲಿದ್ದ ಪೋರ್ಟೊರಿಕೊ ತೀರದ ಬಂಡೆಗೆ ಬಡಿದು ಹಡಗು ಒಡೆಯಿತು, ಹದಿನೆಂಟು ಜನ ದೋಣಿಯಲ್ಲಿ ಪಾರಾದರು, ಇಪ್ಪತ್ತಮೂರು ಜನ ಮುಳುಗಿ ಸತ್ತರು ಎಂದು ಕ್ಯಾಪ್ಟನ್ ವರದಿ ಕೊಟ್ಟಿದ್ದಾನೆ. ಸತ್ತವರು ಆ ಇಪ್ಪತ್ತಮೂರೇ ಜನ. ಸಮುದ್ರಕ್ಕೆ ಬಣ್ಣ ಹೇಗೆ ಗೊತ್ತಾಯಿತು ಅಪ್ಪಯ್ಯ?

ಪಟ್ಟಿಯ ನಕಲು ಇಟ್ಟಿದ್ದೇನೆ. ತಾನು ಗುಲಾಮನಲ್ಲ ಎಂದು ತೋರಿಸುವ ಕಾಗದವನ್ನು ಆ ಇಪ್ಪತ್ತಮೂರರಲ್ಲಿ ಪ್ರತಿಯೊಬ್ಬನೂ ಜೊತೆಗೇ ಇಟ್ಟುಕೊಳ್ಳಬೇಕಿತ್ತು. ಪಟ್ಟಿಯ ಒಂದು ಅಂಕಣದಲ್ಲಿ ‘ಕಾಗದ ಕ್ಯಾಪ್ಟನ್ನನ ಪೆಟ್ಟಿಗೆಯಲ್ಲಿ’ ಎಂದಿದೆ. ಮುಂದಿನ ಅಂಕಣದಲ್ಲಿ ‘ಹಿಂತಿರುಗಿಸಿದೆ’ ಎಂದು ಬರೆದು, ಪಡೆದವನ ಗುರುತಾಗಿ ಶಿಲುಬೆಯಂಥ ಗೀಟು. ತಾರೀಕು ಹಡಗು ಒಡೆಯುವ ಹಿಂದಿನ ದಿನದ್ದು. ಇದರಲ್ಲಿ ಏನೋ ಮಸಲತ್ತು ಇದೆ ಎಂದು ನನಗೆ ಅನ್ನಿಸುತ್ತದೆ, ಏನೆಂದು ಗೊತ್ತಾಗುತ್ತಿಲ್ಲ. ಹಡಗಿನಲ್ಲಿ ದುಡಿದವರು ನೀವು. ನೋಡಿ ಹೇಳಿ.

ನಿಮ್ಮ ಮಗಳು
ಶ್ರಾವಣಿ


ಹೆಲ್ಸಿಂಗ್‌ಬೋರ್ಯ್
28 ಫೆಬ್ರವರಿ 2016

ಚಿ. ಶ್ರಾವಣಿಗೆ ಅಪ್ಪಯ್ಯನ ಆಶೀರ್ವಾದ.

ನಿನ್ನ ಕಾಗದ ಬಂತು. ಮೊದಲು ನಿನ್ನ ಕೆಲಸದ ಮಾತು. ಅದು ಡಿಸೆಂಬರಿಗೆ ಮುಗಿಯುವ ಪ್ರಾಜೆಕ್ಟ್ ಕೆಲಸ. ಮುಂದುವರಿಸುವುದೂ ಬಿಡುವುದೂ ಆ ಗುನಿಲ್ಲಾಳ ಕೈಯಲ್ಲಿದೆ. ಅವಳು ಚಿತ್ರ ತೂಗು ಹಾಕಲಿ, ಹಾರ ಬೇಕಾದರೂ ಹಾಕಲಿ, ನಿನಗೇನು ಕಷ್ಟ? ಇನ್ನೂರು ವರ್ಷದ ಹಿಂದಿನವರಿಗಾಗಿ ನಿನ್ನ ಅನ್ನಕ್ಕೆ ನೀನೇ ಕಲ್ಲು ಹಾಕಿಕೊಳ್ಳಬೇಡ.

ಕೇಳಿದ್ದೀ ಎಂದು ಹೇಳುತ್ತೇನೆ. ನಡುಸಮುದ್ರದಲ್ಲಿ ಯಾವ ಕ್ಯಾಪ್ಟನ್ನನೂ ಆಳುಗಳ ಕಾಗದ ಹಿಂತಿರುಗಿಸುವುದಿಲ್ಲ. ನಮ್ಮ ಕಾಲದಲ್ಲೂ ಹಾಗೇ ಇತ್ತು. ಹಡಗು ಹತ್ತುವಾಗ ನಮ್ಮ ಸಿಡಿಸಿ ಪುಸ್ತಕ, ಅಂದರೆ ನಾವಿಕನ ಗುರುತಿನ ಪುಸ್ತಕ, ಕ್ಯಾಪ್ಟನ್ನನ ಕೈಗೆ ಹೋಗುತ್ತಿತ್ತು. ಅವನ ಕಬ್ಬಿಣದ ಪೆಟ್ಟಿಗೆಯಲ್ಲಿ ಬೀಗ ಬೀಳುತ್ತಿತ್ತು. ಬಂದರಿನಲ್ಲಿ ಕೆಲಸ ಬಿಟ್ಟು ಇಳಿಯುವ ದಿನ ಸಹಿ ಹಾಕಿಸಿಕೊಂಡು ಕೊಡುತ್ತಿದ್ದ. ಅಲ್ಲಿಯವರೆಗೆ ನೀನು ಅವನ ಮುಷ್ಟಿಯಲ್ಲಿ.

ಇನ್ನು ಗೀಟುಗಳು. ಆ ಇಪ್ಪತ್ತಮೂರನ್ನೂ ಒಬ್ಬನೇ ಹಾಕಿದ್ದು. ಒಂದೊಂದನ್ನೂ ಭೂತಗನ್ನಡಿ ಇಟ್ಟು ನೋಡು. ಅಡ್ಡಗೀಟು ಎಲ್ಲದರಲ್ಲೂ ಎಡಕ್ಕೆ ಇಳಿದಿದೆ, ಎಲ್ಲದರಲ್ಲೂ ಕೊನೆಗೆ ಮಸಿ ನಿಂತಿದೆ. ಹಗ್ಗ ಎಳೆದು ಒರಟಾದ ಕೈಗಳು ಇಪ್ಪತ್ತಮೂರು ಬಗೆಯಲ್ಲಿ ಗೀಚಬೇಕಿತ್ತು. ಕೆಲವು ಕಾಗದ ಹರಿಯುವಷ್ಟು ಒತ್ತಬೇಕಿತ್ತು. ಇದು ಮೇಜಿನ ಮುಂದೆ ನೆಟ್ಟಗೆ ಕುಳಿತು ಹಾಕಿದ್ದು. ಮೊದಲಿನ ನಾಲ್ಕೈದರಲ್ಲಿ ಕೈ ನಡುಗಿದೆ, ಆಮೇಲೆ ರೂಢಿಯಾಗಿದೆ.

ಇಷ್ಟು ಸಾಕು. ಇದನ್ನು ಇಲ್ಲಿಗೇ ಬಿಡು. ಇಲ್ಲಿ ಗಾಳಿ ಜೋರು, ಎದುರು ದಡಕ್ಕೆ ಹೋಗುವ ದೋಣಿಯನ್ನೂ ಎರಡು ದಿನ ನಿಲ್ಲಿಸಿದ್ದರು. ಊಟ ಸರಿಯಾಗಿ ಮಾಡು.

ಅಪ್ಪಯ್ಯ
ರಮಾನಂದ


ಸ್ಟಾಕ್‌ಹೋಮ್
3 ಏಪ್ರಿಲ್ 2016

ಅಪ್ಪಯ್ಯನಿಗೆ,

ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಭೂತಗನ್ನಡಿ ಇಟ್ಟು ನೋಡಿದೆ. ಅದೇ ಓರೆ, ಅದೇ ಮಸಿಚುಕ್ಕೆ.

ಬಿಡು ಎಂದಿರಿ. ಬಿಡಲಿಲ್ಲ. ಗುಸ್ತಾವಿಯಾದಲ್ಲಿದ್ದ ಸ್ವೀಡಿಷ್ ರಾಜ್ಯಪಾಲರ ಕಚೇರಿಯ ಕಂತೆಯಲ್ಲಿ ಒಂದು ಅರ್ಜಿ ಸಿಕ್ಕಿತು, 1821ರದ್ದು. ಪೋರ್ಟೊರಿಕೊದ ಒಂದು ಕಬ್ಬಿನ ತೋಟದಿಂದ ಯಾರದೋ ಕೈಯಲ್ಲಿ ಬರೆಸಿ ಕಳಿಸಿದ್ದು. ಬರೆಸಿದವನು ಐಸಾಕ್. ಆ ಪಟ್ಟಿಯಲ್ಲಿ ಏಳನೆಯ ಹೆಸರು, ಮುಳುಗಿ ಸತ್ತವನು!

ಅವನು ಹೇಳುತ್ತಾನೆ: ಹಡಗು ಒಡೆದಾಗ ಎಲ್ಲರೂ ಬದುಕಿದ್ದೆವು. ಕ್ಯಾಪ್ಟನ್ ನಮ್ಮನ್ನು ಮರಳಿನ ದಿಬ್ಬದ ಮೇಲೆ ಇಳಿಸಿ, ನೀರು ತರುತ್ತೇನೆಂದು ಪೆಟ್ಟಿಗೆಯ ಸಮೇತ ದೋಣಿ ಹತ್ತಿ ಹೋದ. ಮೂರನೆಯ ದಿನ ಸ್ಪೇನಿನ ಸೈನಿಕರು ಬಂದು ಕಾಗದ ತೋರಿಸಿ ಎಂದರು. ನಮ್ಮಲ್ಲಿ ಯಾರ ಬಳಿಯೂ ಇರಲಿಲ್ಲ, ನಮ್ಮನ್ನು ಮಾರಿದರು. ನಾನು ಹುಟ್ಟಿನಿಂದ ಸ್ವತಂತ್ರ. ನನ್ನ ಕಾಗದ ಕ್ಯಾಪ್ಟನ್ನನ ಪೆಟ್ಟಿಗೆಯಲ್ಲಿದೆ. ದಯವಿಟ್ಟು ಕಳಿಸಿಕೊಡಿ.

ದಯವಿಟ್ಟು ಎಂದು ಬರೆಸಿದ್ದಾನೆ ಅಪ್ಪಯ್ಯ. ಅದನ್ನು ಓದಿ ನನ್ನ ಮೈ ಉರಿದುಹೋಯಿತು.

ರಾಜ್ಯಪಾಲರು ಎಕ್‌ಸ್ಟ್ರಾಂಡ್‌ನನ್ನು ಕರೆಸಿ ಕೇಳಿದ್ದಾರೆ. ಅವನು ಈ ಪಟ್ಟಿ ತೋರಿಸಿದ್ದಾನೆ. ಕಾಗದ ಕೊಟ್ಟಾಗಿದೆ, ಗೀಟು ಇದೆ, ಆ ಐಸಾಕ್ ಸತ್ತಿದ್ದಾನೆ, ಅರ್ಜಿ ಬರೆಸಿದವನು ಯಾರೋ ಮೋಸಗಾರ. ಅಷ್ಟಕ್ಕೇ ಕಡತ ಮುಚ್ಚಿದೆ. ಗೆಳೆಯನಂತೆ ಗೆಳೆಯ!

ಫಿಕಾ ಹೊತ್ತಿನಲ್ಲಿ ಕಾಫಿ ಕುಡಿಯುತ್ತ ಗುನಿಲ್ಲಾಗೆ ಎಲ್ಲ ಹೇಳಿದೆ. ಆಸಕ್ತಿ ಹುಟ್ಟಿಸುವ ವಿಷಯ ಎಂದಳು. ಇಲ್ಲಿ ಆ ಮಾತಿಗೆ ‘ಇನ್ನು ಸುಮ್ಮನಿರು’ ಎಂದು ಅರ್ಥ. ಗೀಟುಗಳೆಲ್ಲ ಒಬ್ಬನವೇ ಎಂದು ಹೇಳುವವರು ಯಾರು ಎಂದು ಕೇಳಿದಳು. ಮೂವತ್ತು ವರ್ಷ ಹಡಗು, ಹಡಗುಕಟ್ಟೆ ಎಂದು ದುಡಿದ ನಾವಿಕ ರಮಾನಂದ ಎಂದೆ. ಅವರು ಸಹಿ ಮಾಡಿ ಒಂದು ಪುಟ ಬರೆದುಕೊಟ್ಟರೆ ನೋಡೋಣ ಎಂದಿದ್ದಾಳೆ. ಬರೆದುಕೊಡಿ.

ಒಂದು ಮಾತು ಮಾತ್ರ ತಲೆಯಿಂದ ಹೋಗುತ್ತಿಲ್ಲ. ಮೊದಲಿನ ನಾಲ್ಕೈದರಲ್ಲಿ ಕೈ ನಡುಗಿದೆ, ಆಮೇಲೆ ರೂಢಿಯಾಗಿದೆ ಎಂದು ಬರೆದಿರಿ. ಅದು ನಿಮಗೆ ಹೇಗೆ ಗೊತ್ತು?

ಶ್ರಾವಣಿ


ಹೆಲ್ಸಿಂಗ್‌ಬೋರ್ಯ್
20 ಏಪ್ರಿಲ್ 2016

ಶ್ರಾವಣಿಗೆ,

ನಾನು ಏನನ್ನೂ ಬರೆದುಕೊಡುವುದಿಲ್ಲ. ನನ್ನ ಹೆಸರು ಗೋಡೆಯ ಮೇಲೂ ಬೇಡ, ಕಡತದಲ್ಲೂ ಬೇಡ. ಯಾರನ್ನು ಕೇಳಿ ಅವಳ ಮುಂದೆ ನನ್ನ ಹೆಸರು ಎತ್ತಿದೆ?

ಹಡಗಿನ ವಿಷಯ ಹಡಗಿನಲ್ಲಿದ್ದವರಿಗೆ ಗೊತ್ತು. ಬೆಚ್ಚನೆಯ ಕೋಣೆಯಲ್ಲಿ ಕೂತು ನ್ಯಾಯ ಹೇಳುವುದು ಸುಲಭ. ಇನ್ನು ಈ ವಿಚಾರ ಎತ್ತಿದರೆ ನಾನು ಉತ್ತರ ಬರೆಯುವವನಲ್ಲ.

ರಮಾನಂದ


ಸ್ಟಾಕ್‌ಹೋಮ್
30 ಜೂನ್ 2016

ಅಪ್ಪಯ್ಯನಿಗೆ,

ಮಿಡ್‌ಸೊಮ್ಮರ್ ಹಬ್ಬದ ರಜೆಗೆ ನಿಮ್ಮಲ್ಲಿಗೆ ಬಂದವಳು ಒಂದು ದಿನ ಮೊದಲೇ ಹೇಳದೆ ಕೇಳದೆ ಹೊರಟುಬಂದೆ. ಯಾಕೆಂದು ನೀವು ಫೋನ್ ಮಾಡಿ ಕೇಳಲೂ ಇಲ್ಲ. ನಿಮ್ಮ ತಗಡಿನ ಟ್ರಂಕು ನೋಡಿಕೊಂಡಿದ್ದೀರಿ ಎಂದು ಅಲ್ಲಿಗೇ ಗೊತ್ತಾಯಿತು.

ನಾನು ಹುಡುಕಿದ್ದು ಅಮ್ಮನ ಮದುವೆಯ ಫೋಟೋ. ನೀವೇ ಕೀ ಕೊಟ್ಟು, ಮೀನು ತರಲು ಹೋದಿರಿ. ತಳದಲ್ಲಿ, ನನ್ನ ಜನನ ಪತ್ರ ಇಟ್ಟ ಪ್ಲಾಸ್ಟಿಕ್ ಚೀಲದೊಳಗೆ, ಒಂದು ಸಿಡಿಸಿ ಪುಸ್ತಕ ಇತ್ತು. ನಿಮ್ಮದೆಂದುಕೊಂಡು ತೆರೆದೆ. ಫೋಟೋದಲ್ಲಿದ್ದವರು ಮಹೇಶಣ್ಣ.

ನಮ್ಮೂರು ಕೋಡಿಯಲ್ಲಿ ಆ ಮುಖ ಗೊತ್ತಿಲ್ಲದವರು ಯಾರಿದ್ದಾರೆ? ಕುಮುದಾ ಚಿಕ್ಕಿಯ ಗಂಡ. ನಿಮ್ಮದೇ ಹಡಗಿನಲ್ಲಿದ್ದವರು. ಪೋಲೆಂಡಿನ ಯಾವುದೋ ಬಂದರಿನಲ್ಲಿ ಹಡಗು ಬಿಟ್ಟು ಓಡಿಹೋಗಿ, ಅಲ್ಲೇ ಯಾವಳನ್ನೋ ಕಟ್ಟಿಕೊಂಡರು ಎಂದು ಊರೆಲ್ಲ ಆಡಿಕೊಂಡಿತು. ಅಂಗನವಾಡಿಯಲ್ಲಿ ಚಿಕ್ಕಿ ನಮಗೆ ಅಕ್ಷರ ತಿದ್ದಿಸುವಾಗ, ಮಕ್ಕಳನ್ನು ಬಿಡಲು ಬಂದ ಹೆಂಗಸರು ಅವರ ಹಣೆಯ ಕುಂಕುಮ ನೋಡಿ ನಗುತ್ತಿದ್ದರು. ನನಗಾಗ ಐದು ವರ್ಷ. ಆ ನಗೆ ನನಗೆ ಇನ್ನೂ ನೆನಪಿದೆ.

ಇಳಿಯುವ ದಿನ ಸಹಿ ಹಾಕಿಸಿಕೊಂಡು ಪುಸ್ತಕ ಕೊಡುತ್ತಾರೆ ಎಂದವರು ನೀವು. ಮಹೇಶಣ್ಣ ತಾವಾಗಿ ಇಳಿದು ಹೋಗಿದ್ದರೆ ಪುಸ್ತಕ ಅವರ ಜೇಬಿನಲ್ಲಿರಬೇಕು. ಅದು ನಿಮ್ಮ ಟ್ರಂಕಿನಲ್ಲಿ, ನನ್ನ ಜನನ ಪತ್ರದ ಜೊತೆ ಯಾಕಿದೆ? ನೀವು ಮೀನು ಹಿಡಿದು ಬಾಗಿಲಲ್ಲಿ ನಿಂತಾಗ ಕೇಳಬೇಕೆಂದಿದ್ದೆ. ಬಂಗುಡೆ ಸಿಗಲಿಲ್ಲ ಎಂದು ನೀವು ಬೇಸರ ಮಾಡಿಕೊಂಡಿದ್ದಿರಿ. ನಾನು ಪುಸ್ತಕವನ್ನು ನನ್ನ ಬ್ಯಾಗಿನ ತಳಕ್ಕೆ ಸೇರಿಸಿದೆ.

ಅಮ್ಮನಿಗೆ ಗೊತ್ತಿತ್ತೇ? ಅಷ್ಟನ್ನಾದರೂ ಹೇಳಿ. ಅವಳು ಸತ್ತು ಮೂರು ವರ್ಷವಾಯಿತು, ನಾನು ಅವಳನ್ನು ಕೇಳಲಾರೆ.

ಪುಸ್ತಕ ನನ್ನ ಬಳಿ ಇದೆ. ನೀವು ನಿಜ ಬರೆಯುವ ತನಕ ಕೊಡುವುದಿಲ್ಲ.

ಶ್ರಾವಣಿ


ಹೆಲ್ಸಿಂಗ್‌ಬೋರ್ಯ್
2 ಅಕ್ಟೋಬರ್ 2016

ಮಗಾ,

ಮೂರು ತಿಂಗಳಲ್ಲಿ ಹತ್ತು ಸಲ ಬರೆದು ಹರಿದಿದ್ದೇನೆ.

ನಿನ್ನಮ್ಮನಿಗೆ ಗೊತ್ತಿತ್ತು. ಇಲ್ಲಿಗೆ ಬಂದ ವರ್ಷವೇ ಪುಸ್ತಕ ನೋಡಿದಳು. ಆಮೇಲೆ ರಜೆಗೆ ಊರಿಗೆ ಹೋದಾಗೆಲ್ಲ ಕುಮುದಾಳ ಮನೆಯ ಮುಂದಿನ ದಾರಿ ಬಿಟ್ಟು, ಹಿಂದಿನ ಗದ್ದೆಯಂಚಿನಲ್ಲಿ ನಡೆದು ಬರುತ್ತಿದ್ದಳು.

ಪೋಲೆಂಡಿನ ಗ್ಡಿನಿಯಾ ಬಂದರಿನಲ್ಲಿ ಮರದ ಹಲಗೆ ತುಂಬಿಕೊಂಡು ಹೊರಟಿದ್ದೆವು. 1991ನೇ ಇಸವಿ ನವೆಂಬರ್ ಹದಿನಾಲ್ಕು, ಮಧ್ಯಾಹ್ನ. ಗಾಳಿ ಎದ್ದು ಡೆಕ್ಕಿನ ಮೇಲಿನ ಹಲಗೆಗಳು ಒಂದು ಬದಿಗೆ ಜರುಗಿದವು. ಹಡಗು ವಾಲಿತು. ಯಾರಾದರೂ ಹೋಗಿ ಸರಪಳಿ ಬಿಚ್ಚಿ ಹಲಗೆ ಸಮುದ್ರಕ್ಕೆ ಬೀಳಿಸಬೇಕು ಎಂದು ಕ್ಯಾಪ್ಟನ್ ಕೂಗಿದ. ನಾನು ಬೋಸನ್, ಡೆಕ್ಕಿನ ಆಳುಗಳಿಗೆಲ್ಲ ಮೇಲಿನವನು. ಅಂಥ ಕೆಲಸಕ್ಕೆ ಬೋಸನ್ ತಾನೇ ಹೋಗಬೇಕು, ಅದು ಕ್ರಮ. ನಾನು, ‘ಮಹೇಶ, ನೀ ಹೋಯ್ ಬಾ’ ಎಂದೆ. ಅವನು ಹೋದ. ಸೊಂಟಕ್ಕೆ ಹಗ್ಗ ಕಟ್ಟಿರಲಿಲ್ಲ. ಕಟ್ಟುವಷ್ಟು ಹೊತ್ತು ಇರಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಹೊತ್ತು ಇತ್ತು.

ಸರಪಳಿ ಬಿಟ್ಟಿತು, ಹಲಗೆಗಳ ಜೊತೆ ಅವನೂ ಹೋದ. ನೀರಿನಲ್ಲಿ ಕೈ ಎತ್ತಿದ್ದು ನೋಡಿದೆ. ತಿರುಗಿಸಿದರೆ ಹಡಗು ಮಗುಚುತ್ತದೆ ಎಂದು ಕ್ಯಾಪ್ಟನ್ ತಿರುಗಿಸಲಿಲ್ಲ. ನಾನು ಬೇಡಿಕೊಳ್ಳಲೂ ಇಲ್ಲ.

ಹೆಲ್ಸಿಂಗ್‌ಬೋರ್ಯ್ ಕಾಣುವ ಹೊತ್ತಿಗೆ ಕ್ಯಾಪ್ಟನ್ ನನ್ನನ್ನು ಕೋಣೆಗೆ ಕರೆದ. ಮೇಜಿನ ಮೇಲೆ ರಿಜಿಸ್ಟರು. ಮಹೇಶ ಗ್ಡಿನಿಯಾದಲ್ಲೇ ಕೆಲಸ ಬಿಟ್ಟು ಇಳಿದ, ಪುಸ್ತಕ ಪಡೆದ ಎಂದು ಬರೆದಾಗಿತ್ತು. ಸಹಿ ಒಂದು ಬೇಕಿತ್ತು. ವಿಚಾರಣೆ ನಡೆದರೆ ಹಡಗನ್ನು ಕಟ್ಟಿಹಾಕುತ್ತಾರೆ, ಕಳಿಸಿದವನು ನೀನು, ಮೊದಲು ಜೈಲಿಗೆ ಹೋಗುವವನೂ ನೀನೇ ಎಂದ. ನನ್ನ ಪುಸ್ತಕ ಅವನ ಪೆಟ್ಟಿಗೆಯಲ್ಲಿತ್ತು, ಉಳಿದ ಆಳುಗಳದ್ದೂ ಅಲ್ಲೇ, ಯಾರೂ ಬಾಯಿ ಬಿಡುವಂತಿರಲಿಲ್ಲ. ಇಲ್ಲಿನ ಹಡಗುಕಟ್ಟೆಯಲ್ಲಿ ತನ್ನ ಗೆಳೆಯನಿದ್ದಾನೆ, ಕೆಲಸ ಕೊಡಿಸುತ್ತೇನೆ ಎಂದೂ ಹೇಳಿದ. ಮಹೇಶನ ಸಹಿಯನ್ನು ಒಂದು ಹಾಳೆಯ ಮೇಲೆ ನಾಲ್ಕೈದು ಸಲ ಬರೆದು ನೋಡಿದೆ. ಆಮೇಲೆ ರಿಜಿಸ್ಟರಿನಲ್ಲಿ ಹಾಕಿದೆ. ಕ್ಯಾಪ್ಟನ್ ಮಹೇಶನ ಪುಸ್ತಕವನ್ನು ನನ್ನ ಕಡೆ ಎಸೆದು ಸುಟ್ಟುಹಾಕು ಎಂದ. ಒಲೆಯ ಮುಂದೆ ಎಷ್ಟು ಸಲ ಹಿಡಿದು ನಿಂತೆನೋ, ಕೈ ಬರಲಿಲ್ಲ.

ನೀನು ಓದಿದ್ದು, ಈ ಮನೆ, ನಿನ್ನ ಸ್ವೀಡಿಷ್ ಪಾಸ್‌ಪೋರ್ಟು, ಎಲ್ಲ ಆ ಒಂದು ಸಹಿಯಿಂದ ಬಂದದ್ದು. ಬೈಯುವುದಾದರೆ ಅದನ್ನೂ ಸೇರಿಸಿ ಬೈಯಿ.

ಅಪ್ಪಯ್ಯ


ಸ್ಟಾಕ್‌ಹೋಮ್
11 ಅಕ್ಟೋಬರ್ 2016

ಅಪ್ಪಯ್ಯನಿಗೆ,

ನನಗೆ ಹೇಳಿ ಏನು ಪ್ರಯೋಜನ? ನಾನು ಯಾರ ಹೆಂಡತಿ?

ಕೊನೆಯ ಸಾಲಿನಲ್ಲಿ ನನ್ನನ್ನೂ ಪಾಲುದಾರಳನ್ನಾಗಿ ಮಾಡಿದಿರಿ. ಮಾಡಿ. ಆದರೆ ನನಗಾಗಿ ಮಾಡಿದೆ ಎಂದು ಮಾತ್ರ ಯಾವತ್ತೂ ಹೇಳಬೇಡಿ. ಎಕ್‌ಸ್ಟ್ರಾಂಡ್‌ಗೂ ಮಕ್ಕಳಿದ್ದರು.

ಪ್ರದರ್ಶನ ಕಳೆದ ವಾರ ಶುರುವಾಯಿತು. ಗೋಡೆಯ ಮೇಲೆ ಅವನ ಚಿತ್ರ, ಕೆಳಗೆ ‘ಸ್ವಾತಂತ್ರ್ಯದ ಸ್ವೀಡಿಷ್ ಗೆಳೆಯ’. ನನ್ನ ಗಲಾಟೆ ತಡೆಯಲಾರದೆ ಐಸಾಕ್‌ನ ಅರ್ಜಿಗೂ ಇಪ್ಪತ್ತಮೂರು ಹೆಸರಿಗೂ ಜಾಗ ಕೊಟ್ಟಿದ್ದಾರೆ. ಎಲ್ಲಿ ಗೊತ್ತೇ? ಚಿತ್ರದ ಕೆಳಗಿನ ಮೇಜಿನ ಡ್ರಾಯರಿನಲ್ಲಿ. ಬೇಕಾದವರು ಎಳೆದು ನೋಡಬಹುದಂತೆ. ಮತ್ತೆ ಪೆಟ್ಟಿಗೆಯೊಳಗೇ! ನಾನು ದಿನಕ್ಕೆ ಮೂರು ಸಲ ಹೋಗಿ ಡ್ರಾಯರು ತೆರೆದಿಟ್ಟು ಬರುತ್ತೇನೆ, ಯಾರೋ ಮುಚ್ಚುತ್ತಾರೆ. ಡಿಸೆಂಬರಿನ ಮೇಲೆ ನನಗೆ ಇಲ್ಲಿ ಕೆಲಸ ಇಲ್ಲ ಎಂದು ಗುನಿಲ್ಲಾ ನಗುನಗುತ್ತ ತಿಳಿಸಿದ್ದಾಳೆ.

ಮಹೇಶಣ್ಣನ ಪುಸ್ತಕವನ್ನು ಇದರ ಜೊತೆ ರಿಜಿಸ್ಟರ್ಡ್ ಅಂಚೆಯಲ್ಲಿ ನಿಮಗೇ ಕಳಿಸಿದ್ದೇನೆ. ಚಿಕ್ಕಿಗೆ ಅದನ್ನು ಕಳಿಸಬೇಕಾದವರು ನೀವು, ಬರೆಯಬೇಕಾದವರೂ ನೀವು. ನವೆಂಬರ್ ಹದಿನಾಲ್ಕಕ್ಕೆ ಇಪ್ಪತ್ತೈದು ವರ್ಷ. ಅಷ್ಟರೊಳಗೆ ಬರೆಯದಿದ್ದರೆ ನಾನು ಬರೆಯುತ್ತೇನೆ. ಅವರೇ ತಿದ್ದಿಸಿದ ಅಕ್ಷರದಲ್ಲಿ ಬರೆಯುತ್ತೇನೆ.

ಶ್ರಾವಣಿ


ಕೋಡಿ, ಕುಂದಾಪುರ
9 ಜನವರಿ 2017

ರಮಾನಂದ ಅವರಿಗೆ,

ಇಷ್ಟು ವರ್ಷ ನಿಮ್ಮನ್ನು ಅಣ್ಣಯ್ಯ ಎಂದು ಕರೆದಿದ್ದೆ. ಈ ಕಾಗದದಲ್ಲಿ ಕರೆಯುವುದಿಲ್ಲ.

ನೀವು ನವೆಂಬರಿನಲ್ಲಿ ಬರೆದದ್ದು ತಲುಪಿತು. ಪುಸ್ತಕವೂ ತಲುಪಿತು. ಉತ್ತರ ಬರೆಯಲು ತಡವಾಯಿತು. ಅದರಲ್ಲಿರುವ ನಮ್ಮ ಮನೆಯವರ ಫೋಟೋ ನೋಡುತ್ತಿದ್ದೆ. ಅದರಲ್ಲಿ ಇಪ್ಪತ್ತೊಂಬತ್ತು ವರ್ಷ ಅವರಿಗೆ. ನನಗೀಗ ನಲವತ್ತೊಂಬತ್ತು.

ಕ್ಷಮಿಸು ಎಂದು ಮೂರು ಕಡೆ ಬರೆದಿದ್ದೀರಿ. ಅದರ ಮಾತು ಆಮೇಲೆ. ಮೊದಲು ನಿಮಗೆ ನೆನಪಿಲ್ಲದ ಒಂದು ವಿಷಯ ನೆನಪಿಸುತ್ತೇನೆ.

1992ರ ಮಳೆಗಾಲದಲ್ಲಿ ಮುಂಬಯಿಯ ಏಜೆಂಟರ ಆಫೀಸಿನಿಂದ ಆ ಸಹಿಯ ನಕಲು ಬಂತು. ನಿಮ್ಮ ಗಂಡ ತಾನಾಗಿ ಇಳಿದಿದ್ದಾನೆ, ನಮಗೆ ಸಂಬಂಧವಿಲ್ಲ ಎಂದು. ಅವರಿಗೆ ಸಹಿ ಹಾಕಲು ಕಲಿಸಿದ್ದು ನಾನು, ಮದುವೆಯಾದ ವರ್ಷ. ಒಂದೊಂದು ಅಕ್ಷರಕ್ಕೂ ಪೆನ್ನು ಎತ್ತಿ, ನಾಲಿಗೆ ಕಚ್ಚಿಕೊಂಡು ಬರೆಯುತ್ತಿದ್ದರು. ನಕಲಿನಲ್ಲಿದ್ದ ಸಹಿ ಒಂದೇ ಎಳೆತದಲ್ಲಿ ಹೋಗಿತ್ತು. ಇದು ಅವರದ್ದಲ್ಲ ಎಂದು ಆ ದಿನವೇ ಹೇಳಿದೆ. ಅತ್ತೆಗೆ ಹೇಳಿದೆ. ನಿಮ್ಮ ಅಮ್ಮನ ಹತ್ತಿರ ಹೋಗಿ ಹೇಳಿದೆ. ಮುಂಬಯಿಗೆ ಎರಡು ಸಲ ಬರೆದೆ. ಗಂಡ ಬಿಟ್ಟುಹೋದವಳು ಇನ್ನೇನು ಹೇಳುತ್ತಾಳೆ ಎಂದು ಎಲ್ಲರೂ ಕನಿಕರಪಟ್ಟರು.

ನಿಮಗೂ ಬರೆದೆ. ಅಣ್ಣಯ್ಯ, ಸಹಿ ಅವರದ್ದಲ್ಲ, ನೀವು ಹಡಗಿನಲ್ಲಿದ್ದವರು, ನಿಜ ಹೇಳಿ ಎಂದು. ನೀವು ಉತ್ತರ ಕೊಟ್ಟಿರಿ: ‘ಸಹಿ ಅವನದೇ. ಅವನು ಹಾಕುವುದನ್ನು ಕಣ್ಣಾರೆ ನೋಡಿದ್ದೇನೆ. ಸುಮ್ಮನೆ ಮನಸ್ಸು ಕೆಡಿಸಿಕೊಳ್ಳಬೇಡ ತಂಗಿ.’ ನಿಮ್ಮ ಆ ಕಾಗದ ಈಗಲೂ ನನ್ನ ಬಳಿ ಇದೆ. ಈಗ ಬಂದದ್ದನ್ನೂ ಅದರ ಪಕ್ಕದಲ್ಲೇ ಇಟ್ಟಿದ್ದೇನೆ. ಹೊಸದರಲ್ಲಿ ಆ ಕಾಗದದ ಮಾತೇ ಇಲ್ಲ. ಮರೆತಿರೋ, ಮರೆತಂತೆ ಇದ್ದೀರೋ ನನಗೆ ಬೇಡ.

ಅದನ್ನು ಓದಿದ ಮೇಲೆ ನನ್ನ ಕಣ್ಣನ್ನೇ ನಾನು ನಂಬಲಿಲ್ಲ. ನಾನೇ ತಪ್ಪು ನೋಡಿದೆ, ಅವರೇ ಬಿಟ್ಟು ಹೋದರು ಎಂದು ಒಪ್ಪಿಕೊಂಡೆ. ಅತ್ತೆ ಸಾಯುವ ತನಕ ಒಂದೇ ಮಾತು ಹೇಳಿದರು, ‘ನೀ ಸಮ ಇದ್ದಿರೆ ಅಂವ ಎಂತಕ್ ಓಡಿ ಹೋತಿದ್ದ?’ ನಮ್ಮ ಮನೆಯವರ ಹೆಸರಿಗೆ ಎಷ್ಟು ಶಾಪ ಹಾಕಿದ್ದೇನೆಂದು ಲೆಕ್ಕವಿಲ್ಲ. ನೀರಿನಲ್ಲಿ ಕೈ ಎತ್ತಿದ ಮನುಷ್ಯನಿಗೆ ಇಪ್ಪತ್ತೈದು ವರ್ಷ ಶಾಪ ಹಾಕಿದೆ. ಅದನ್ನು ಮಾಡಿಸಿದವರು ನೀವು. ಹಗ್ಗ ಕಟ್ಟದೆ ಕಳಿಸಿದ್ದನ್ನು ಎಂದಾದರೂ ಕ್ಷಮಿಸಬಹುದೇನೋ, ಇದನ್ನು ಆಗುವುದಿಲ್ಲ.

ಪುರೋಹಿತರನ್ನು ಕೇಳಿದೆ. ಫೆಬ್ರವರಿ ಹನ್ನೆರಡು, ಭಾನುವಾರ, ಅವರ ಬೊಜ್ಜ, ಉತ್ತರಕ್ರಿಯೆಯ ಊಟ. ಊರಿಗೆಲ್ಲ ಹೇಳಿಕೆ ಕಳಿಸಿದ್ದೇನೆ. ಇಷ್ಟು ವರ್ಷದ ಮೇಲೆ ಈಗ ಯಾಕೆಂದು ಯಾರಿಗೂ ಹೇಳಿಲ್ಲ, ಅದನ್ನು ಹೇಳುವವರು ನೀವು. ಬನ್ನಿ. ನಿಮ್ಮ ಎರಡು ಕಾಗದಗಳನ್ನೂ ಕೈಗೆ ಕೊಡುತ್ತೇನೆ, ಹಳೆಯದನ್ನು ಮೊದಲು, ಹೊಸದನ್ನು ಆಮೇಲೆ, ಅಂಗಳದ ನಡುವೆ ನಿಂತು ಹಿಂದಿನ ಸಾಲಿನವರಿಗೂ ಕೇಳುವಂತೆ ಓದಬೇಕು.

ಶ್ರಾವಣಿಯನ್ನೂ ಕರೆದುಕೊಂಡು ಬನ್ನಿ. ನನ್ನ ಕೈಯಲ್ಲಿ ಅಕ್ಷರ ಕಲಿತ ಮಗು. ಅವಳಿಗೆ ನನ್ನ ಪಕ್ಕದಲ್ಲೇ ಎಲೆ ಹಾಕುತ್ತೇನೆ. ನೀವು ಓದಿ ಮುಗಿಸಿ, ಊಟಕ್ಕೆ ಕೂರದೆ ಹೊರಡಿ.

ಕುಮುದಾ
ಮಹೇಶ ಅವರ ಹೆಂಡತಿ